ಸೌದೆ ತೂಗುತ್ತಿದ್ದ ಕಮಲಕ್ಕ

ಮುತ್ತಿನಕೊಪ್ಪದಲ್ಲಿ ಕಮಲ ಎಂದು ಕೇಳಿದರೆ ಮೂರು ಮನೆ ತೋರಿಸುತ್ತಾರೆ. ಲೆಕ್ಕದ ಕಮಲಕ್ಕ ಎಂದರೆ ಮಾತ್ರ ಒಂದೇ ಮನೆ, ಖಾಸಗಿ ಬಸ್ಸಿನ ಕಂಡಕ್ಟರ್ ಧರ್ಮಪ್ಪನದು. ಕಮಲಕ್ಕ ಅವನ ಹೆಂಡತಿ. ಪಿಯುಸಿ ಓದಿದವಳು, ನಲವತ್ತಮೂರು ವಯಸ್ಸು, ಕೈಬರಹ ಅಚ್ಚು ಹಾಕಿದ ಹಾಗೆ. ಸರ್ಕಾರಕ್ಕೆ ಏನನ್ನಾದರೂ ಎಣಿಸಬೇಕು ಅನ್ನಿಸಿದಾಗಲೆಲ್ಲ ನರಸಿಂಹರಾಜಪುರದಿಂದ ಅವಳಿಗೆ ಫೋನು ಬರುತ್ತಿತ್ತು. ಹದಿನೈದು ವರ್ಷಗಳಲ್ಲಿ ಅವಳು ದನ ಎಣಿಸಿದ್ದಳು, ಶೌಚಾಲಯ ಎಣಿಸಿದ್ದಳು, ಶಾಲೆ ಬಿಟ್ಟ ಮಕ್ಕಳನ್ನು ಎಣಿಸಿದ್ದಳು. ಬೇರೆಯವರು ಕಟ್ಟೆಯ ಮೇಲೆ ಕೂತು ಅಂದಾಜಿನಲ್ಲಿ ತುಂಬಿ ಮುಗಿಸುವ ಕಾಗದಕ್ಕೆ ಇವಳು ಗುಡ್ಡ ಹತ್ತುತ್ತಿದ್ದಳು. ದನಗಣತಿಯ ಸಮಯದಲ್ಲಿ ರೇಣುಕಪ್ಪ ಎಂಬುವನ ಮನೆಗೆ ಮೂರು ಸಲ ಹೋಗಿದ್ದಳು. ಮೊದಲೆರಡು ಸಲ ಎಮ್ಮೆ ಮೇಯಲು ಹೋಗಿತ್ತು.

"ಎಮ್ಮೆ ಇದೆ ಅಂತ ನಾನೇ ಹೇಳ್ತಿದೀನಲ್ಲ ಮಾರಾಯ್ತಿ, ನನ್ನ ಮಾತಿನ ಮೇಲೆ ನಂಬ್ಕೆ ಇಲ್ವಾ?" ಎಂದು ಅವನು ರೇಗಿದ್ದ.

"ನಂಬ್ಕೆ ಇದೆ ರೇಣುಕಪ್ಪ. ಎಮ್ಮೆ ಕಂಡಿಲ್ಲ, ಅಷ್ಟೆ" ಎಂದಿದ್ದಳು ಕಮಲಕ್ಕ. ಆ ಮಾತು ಬಹಳ ದಿನ ಊರಲ್ಲಿ ನಗೆಯಾಗಿ ಓಡಾಡಿತು.

ಇಂಥವಳಿಗೆ ನಾಲ್ಕು ವರ್ಷದ ಹಿಂದೆ ಒಲೆ ಅಳೆಯುವ ಕೆಲಸ ಬಂತು. ಬೆಂಗಳೂರಿನ ಒಂದು ಅಧ್ಯಯನ ಸಂಸ್ಥೆ ಕೊಟ್ಟ ಕೆಲಸ ಅದು. ಬಡವರ ಮನೆಗೆ ಸಬ್ಸಿಡಿಯಲ್ಲಿ ಗ್ಯಾಸ್ ಕೊಟ್ಟಿದ್ದಾರಲ್ಲ, ಕೊಟ್ಟ ಮೇಲೆ ಅಲ್ಲಿ ಸೌದೆ ಉರಿಯುವುದು ನಿಜಕ್ಕೂ ಕಡಿಮೆಯಾಗಿದೆಯೇ, ಆಗಿದ್ದರೆ ಎಷ್ಟು ಕೇಜಿ ಎಂಬುದು ಅವರಿಗೆ ಗೊತ್ತಾಗಬೇಕಿತ್ತು. ಬಾಯಲ್ಲಿ ಕೇಳಿ ಬರೆಯುವ ಹಾಗಿಲ್ಲ, ತೂಗಿ ಬರೆಯಬೇಕು. ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪ, ಶೃಂಗೇರಿ ತಾಲ್ಲೂಕಿನ ನೆಮ್ಮಾರು, ಕೊಪ್ಪ ತಾಲ್ಲೂಕಿನ ಬಸರೀಕಟ್ಟೆ ಎಂದು ಮೂರು ಊರು ಆರಿಸಿದ್ದರು. ಊರಿಗೆ ಇಪ್ಪತ್ತರಂತೆ ಅರವತ್ತು ಮನೆ. ವರ್ಷಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಮೂರು ಮೂರು ದಿನ.

ಮೇಲ್ವಿಚಾರಕ ಸುದರ್ಶನ. ಶೃಂಗೇರಿಯ ಪುರೋಹಿತರ ಮನೆತನದವನು, ಅರ್ಥಶಾಸ್ತ್ರದಲ್ಲಿ ದೊಡ್ಡ ಓದು ಓದಿದವನು, ಮೂವತ್ತೈದರ ಆಸುಪಾಸು. ಮಾತು ಮೃದು. ಮೊದಲ ದಿನ ಅವನು ಕಮಲಕ್ಕನ ಕೈಗೆ ಕೊಕ್ಕೆ ಇರುವ ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಗೋಣಿಚೀಲ, ಒಂದು ಕಟ್ಟು ಹಾಳೆ ಕೊಟ್ಟು, "ಕಮಲಕ್ಕ, ಸರ್ಕಾರ ಇಷ್ಟೆಲ್ಲ ಸಬ್ಸಿಡಿ ಕೊಡುತ್ತದೆ, ಅದು ಒಲೆಯ ತನಕ ಹೋಗಿ ಏನಾಯ್ತು ಅಂತ ನೋಡಿದವರು ಯಾರೂ ಇಲ್ಲ. ನೀವೇ ಮೊದಲು" ಎಂದ.

ಆ ಮಾತು ಅವಳ ಎದೆಗೆ ನಾಟಿತು. ಅದಕ್ಕೊಂದು ಕಾರಣವಿತ್ತು. ಕಮಲಕ್ಕನ ತಾಯಿ ಹಸಿ ಸೌದೆ ಊದಿ ಊದಿ ಐವತ್ತೆರಡಕ್ಕೇ ಎದೆ ಕಟ್ಟಿಕೊಂಡು ಹೋದವಳು. ಕೊನೆಯ ಎರಡು ವರ್ಷ ಅವಳು ಮಲಗಿ ನಿದ್ದೆ ಮಾಡಿದ್ದೇ ಇಲ್ಲ, ಗೋಡೆಗೆ ಒರಗಿ ಕೂತೇ ಕಳೆದಳು. ಡಾಕ್ಟರು ಬೀಡಿ ಸೇದುತ್ತಿದ್ದಳಾ ಎಂದು ಕೇಳಿದ್ದರು. ಒಂದು ದಿನವೂ ಬೀಡಿ ಮುಟ್ಟದ ತಾಯಿಯ ಪರವಾಗಿ ಇಲ್ಲ ಎಂದು ಹೇಳುವಾಗ ಕಮಲಕ್ಕನಿಗೆ ಅವಮಾನವಾದಂತಾಗಿತ್ತು. ಹಾಗಾಗಿ ಹೊಗೆಯನ್ನು ಯಾರೋ ಕೊನೆಗೂ ಲೆಕ್ಕಕ್ಕೆ ತೆಗೆದುಕೊಂಡರು ಎಂದು ಅವಳು ನಂಬಿದಳು. ಧರ್ಮಪ್ಪ, "ಬಸ್ಸು ಹತ್ತಿ ಬಸರೀಕಟ್ಟೆ ತನಕ ಸೌದೆ ತೂಗಕ್ಕೆ ಹೋಗ್ತಿಯ? ನಗ್ತಾರೆ ಜನ" ಎಂದರೂ ಹೊರಟಳು.

ಕ್ರಮ ಸರಳವಾಗಿತ್ತು. ಬೆಳಗ್ಗೆ ಮನೆಗೆ ಹೋಗಿ ಅವತ್ತು ಉರಿಸುವ ಸೌದೆಯನ್ನು ಗೋಣಿಯಲ್ಲಿ ಹಾಕಿ ತೂಗಿ ಬೇರೆಯಾಗಿ ಒಟ್ಟಬೇಕು. ಈ ರಾಶಿಯಿಂದ ಮಾತ್ರ ತೆಗೆದು ಉರಿಸಿ ಎನ್ನಬೇಕು. ಮರುದಿನ ಅದೇ ಹೊತ್ತಿಗೆ ಹೋಗಿ ಉಳಿದದ್ದನ್ನು ತೂಗಬೇಕು. ಕಳೆದರೆ ಉರಿದದ್ದು ಎಷ್ಟೆಂದು ತಿಳಿಯುತ್ತದೆ. ಗ್ಯಾಸ್ ಸಿಲಿಂಡರನ್ನೂ ಹಾಗೆಯೇ ಕೊಕ್ಕೆಗೆ ನೇತುಹಾಕಿ ತೂಗಬೇಕು. ಒಂದು ಮನೆ ಮುಗಿಸಲು ಕಾಲು ಗಂಟೆ ಸಾಕು ಎಂದು ಸುದರ್ಶನ ಹೇಳಿದ್ದ. ಆದರೆ ಒಲೆಯ ಹತ್ತಿರ ಹೋದವರಿಗೆ ಕಾಲು ಗಂಟೆಯಲ್ಲಿ ಎದ್ದು ಬರಲು ಆಗುತ್ತದೆಯೇ?

ಬಸರೀಕಟ್ಟೆಯಲ್ಲಿ ಹೆಚ್ಚಿನ ಮನೆಗಳು ಕಾಫಿ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಇದ್ದವು. ಅದರಲ್ಲೊಂದು ವೀರಮ್ಮನ ಮನೆ. ಐವತ್ತೆಂಟರ ಹೆಂಗಸು, ಗಂಡ ಇಲ್ಲ, ಮಗ ಎಸ್ಟೇಟಿನ ಜೀಪಿನಲ್ಲಿ ಮೂಟೆ ಹೊರುತ್ತಾನೆ, ಮನೆಯಲ್ಲಿ ಐದು ಜನ. ಮೊದಲ ಸಲ ಕಮಲಕ್ಕ ಬಾಗಿಲಲ್ಲಿ ತಕ್ಕಡಿ ಹಿಡಿದು ನಿಂತಾಗ ವೀರಮ್ಮ ಸೊಂಟದ ಮೇಲೆ ಕೈ ಇಟ್ಟು, "ಎಂತ ತೂಗಕ್ಕೆ ಬಂದಿದ್ದು? ನಮ್ಮ ಬಡತನಾನ?" ಎಂದು ಕೇಳಿದಳು. ಒಳಗೆ ಬಿಡಲು ಅರ್ಧ ಗಂಟೆ ತೆಗೆದುಕೊಂಡಳು.

ಮೂರು ದಿನ ತೂಗಿದ ಮೇಲೆ ಕಮಲಕ್ಕನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಲೈನಿನ ಅಷ್ಟೂ ಮನೆಗಳಲ್ಲಿ ಸೌದೆ ಕರಗಿದ್ದು ಒಂದೆರಡು ಕೇಜಿ ಮಾತ್ರ. ಸಿಲಿಂಡರ್ ಮಾತ್ರ ದಿನಕ್ಕೆ ಅರ್ಧ ಕೇಜಿ, ಮುಕ್ಕಾಲು ಕೇಜಿ ಇಳಿಯುತ್ತಿದೆ. ಆದರೆ ಗೋಡೆಗಳ ಮೇಲಿನ ಮಸಿ ಹೊಸದು. ಹಂಡೆಯ ಹಿಂಬದಿ ಮುಟ್ಟಿದರೆ ಕೈಗೆ ಹತ್ತುತ್ತದೆ. ನಾಲ್ಕನೆಯ ದಿನ ತೂಕವಿಲ್ಲದಿದ್ದರೂ ಕೊಪ್ಪದಿಂದ ಜೀಪು ಹಿಡಿದು ಬಂದಳು. ಲೈನಿನ ಎಲ್ಲ ಮಾಡಿನ ಮೇಲೂ ಹೊಗೆ ಏಳುತ್ತಿತ್ತು.

ವೀರಮ್ಮ ಒಲೆಯ ಮುಂದಿನಿಂದ ಎದ್ದು ನಕ್ಕಳು. "ಸರ್ಕಾರದಿಂದ ಬಂದೋರ ಮುಂದೆ ಸರ್ಕಾರದ ಗ್ಯಾಸು ಹಚ್ಚದೆ ಇರಕ್ಕೆ ಆಗ್ತದ? ಕಿತ್ಕಂಡು ಹೋದ್ರೆ? ಇಡೀ ಲೈನಿನೋರು ಮಾತಾಡ್ಕಂಡೇ ಹಚ್ಚಿದ್ದು."

"ಮತ್ತೆ ದಿನಾ ಎಂತ ಮಾಡ್ತೀರಿ?"

"ದಿನಾ ಎಂತ ಮಾಡದು? ಸಿಲಿಂಡರ್ ಖಾಲಿಯಾದ್ರೆ ಜೀಪಲ್ಲಿ ಕೊಪ್ಪಕ್ಕೆ ಹೊತ್ಕಂಡು ಹೋಗ್ಬೇಕು. ಒಂದು ದಿನದ ಕೂಲಿ ಹೋಯ್ತು, ಜೀಪಿನ ಬಾಡಿಗೆ ಹೋಯ್ತು. ಮಗೂಗೆ ಹುಷಾರಿಲ್ದಾಗ ಹಾಲು ಬಿಸಿ ಮಾಡಕ್ಕೆ, ನೆಂಟ್ರು ಬಂದ್ರೆ ಕಾಪಿಗೆ, ಅಷ್ಟಕ್ಕೆ ಮುಟ್ಟದು. ಉಳಿದದ್ದೆಲ್ಲ ಈ ಒಲೆಯೇ."

ಕಮಲಕ್ಕ ಅಲ್ಲೇ ಮಣೆ ಎಳೆದು ಕೂತಳು. ಅಕ್ಕಪಕ್ಕದ ಹೆಂಗಸರನ್ನೂ ಕರೆಸಿದಳು. ಅವಳು ಅವತ್ತು ಆಡಿದ ಮಾತು ಅವಳಿಗೆ ಅಕ್ಷರ ಅಕ್ಷರ ನೆನಪಿದೆ. "ನೋಡಿ, ನೀವು ಸುಳ್ಳು ತೋರ್ಸಿದ್ರೆ ನಾನು ಸುಳ್ಳು ಬರೀತೀನಿ. ಗ್ಯಾಸ್ ಕೊಟ್ಟಿದ್ದು ಸಾಕಾಗ್ತಿದೆ ಅಂತ ಅವರು ತಿಳ್ಕಂತಾರೆ. ನಿಜ ಎಷ್ಟು ಉರೀತದೋ ಅಷ್ಟು ತೋರ್ಸಿ. ನಿಜ ಗೊತ್ತಾದ್ರೆ ತಾನೆ ಏನಾದ್ರೂ ಸರಿ ಮಾಡೋದು? ಸಿಲಿಂಡರ್ ಲೈನಿಗೇ ತಂದು ಕೊಡಿ ಅಂತ ಕೇಳಕ್ಕಾದ್ರೂ ಆಗ್ತದೆ. ನಿಮ್ಮಿಂದ ಒಂದು ಕಡ್ಡೀನೂ ಕಿತ್ಕಳಲ್ಲ, ನನ್ನ ಜವಾಬ್ದಾರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೀರಮ್ಮ ಮೊದಲು ಒಪ್ಪಿದಳು. ಕಮಲಕ್ಕ ಆ ಮೂರು ದಿನದ ಹಾಳೆಗಳನ್ನು ಹರಿದು ಹಾಕಿ ಮತ್ತೆ ಮೊದಲಿನಿಂದ ತೂಗಿದಳು.

ಎರಡನೆಯ ಸುತ್ತಿಗೆ ವೀರಮ್ಮನ ಮನೆಯಲ್ಲಿ ಇನ್ನೊಂದು ತೊಡಕು ಬಂತು. ಅವಳು ಉರಿಸುತ್ತಿದ್ದುದರಲ್ಲಿ ಅರ್ಧಕ್ಕರ್ಧ ಸೌದೆಯೇ ಅಲ್ಲ, ಅಡಿಕೆ ಸಿಪ್ಪೆ. ಒಂದು ಮೈಲಿ ಆಚೆ ಗಣಪಯ್ಯ ಎಂಬವರ ತೋಟ. ಅಡಿಕೆ ಸುಲಿತದ ಕಾಲದಲ್ಲಿ ವೀರಮ್ಮ ಅವರ ಅಂಗಳ ಗುಡಿಸಿ ಕೊಡುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಸಿಪ್ಪೆ ಎಷ್ಟು ಬೇಕೋ ಅಷ್ಟು ಹೊತ್ತು ತರಬಹುದಿತ್ತು. ಅವರ ತಾಯಿಯ ಕಾಲದಿಂದ, ಇವಳ ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ. ಲೈನಿನ ಹಿಂದೆ ತಗಡು ಹೊದಿಸಿ ಒಟ್ಟಿದರೆ ಮಳೆಗಾಲ ಪೂರ್ತಿ ಬಚ್ಚಲ ಒಲೆಗೆ ಅದೇ. ಎಸ್ಟೇಟಿನವರು ಕಾಫಿ ಗಿಡ, ಸಿಲ್ವರ್ ಮರ ಸವರಿದಾಗ ಬಿದ್ದ ಗೆಲ್ಲುಗಳನ್ನೂ ಹೀಗೆಯೇ ಬಿಟ್ಟುಕೊಡುತ್ತಿದ್ದರು.

ಕಮಲಕ್ಕನ ಹಾಳೆಯಲ್ಲಿ ಸೌದೆಗೆ ಒಂದು ಕಾಲಂ, ಗ್ಯಾಸಿಗೆ ಒಂದು ಕಾಲಂ. ಸಿಪ್ಪೆಗೆ ಜಾಗವಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸೌದೆಗೇ ಸೇರಿಸಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಸುದರ್ಶನನಿಗೆ ಫೋನು ಮಾಡಿದಳು.

"ಸಿಪ್ಪೆ, ಅಡಿಕೆ ಹಾಳೆ, ತರಗು, ಗೆಲ್ಲು ಇವೆಲ್ಲ ಬೇರೆ ಸರ್. ಕಾಡಿನ ಸೌದೆ ಅಲ್ಲ. ಬೇರೆ ಕಾಲಂ ಬೇಕು."

ಸುದರ್ಶನ ಸಂತೋಷಪಟ್ಟ. ಮುಂದಿನ ವಾರವೇ ಹೊಸ ಹಾಳೆ ಬಂತು, 'ಇತರೆ ಜೈವಿಕ ಇಂಧನ' ಎಂಬ ಹೊಸ ಕಾಲಂ ಜೊತೆಗೆ. ಹಾಗೆಯೇ ತೋಟಗಳ ಅಂಗಳದಲ್ಲಿ ಎಷ್ಟು ಸಿಪ್ಪೆ ಬೀಳುತ್ತದೆ, ಎಷ್ಟನ್ನು ಜನ ಒಯ್ಯುತ್ತಾರೆ, ಎಷ್ಟು ಕೊಳೆಯುತ್ತದೆ ಎಂಬುದನ್ನೂ ಅಳೆದು ಕೊಡಿ ಎಂದು ಕೇಳಿದ. ಕಮಲಕ್ಕ ಮೂರು ತಾಲ್ಲೂಕಿನ ನಲವತ್ತು ಅಂಗಳ ಅಳೆದಳು. ನೆಮ್ಮಾರಿನ ಏರಿನಲ್ಲಿ ಜಿಗಣೆ ಹತ್ತಿಸಿಕೊಂಡು ನಡೆದಳು. ಗಣಪಯ್ಯನವರ ಅಂಗಳದಲ್ಲಿ ಮಜ್ಜಿಗೆ ಕುಡಿದು, ಸಿಪ್ಪೆ ರಾಶಿಯ ಉದ್ದ ಅಗಲ ಎತ್ತರ ಟೇಪು ಹಿಡಿದು ಬರೆದುಕೊಂಡಳು.

"ಎಂತಕ್ಕೆ ಕೂಸೆ ಇದೆಲ್ಲ? ರಸ್ತೆ ಬದಿಗೆ ಸುರಿದ್ರೆ ಪಂಚಾಯ್ತಿಯವರು ಬೈತಾರೆ, ಇಟ್ಕೊಂಡ್ರೆ ಹುಳ ಆಗ್ತದೆ. ಇದನ್ನೂ ಲೆಕ್ಕ ಹಾಕೋ ಕಾಲ ಬಂತು ಅಂತಾಯ್ತು" ಎಂದು ಗಣಪಯ್ಯ ನಕ್ಕಿದ್ದರು.

ವರ್ಷ ಮುಗಿಯಿತು. ಕೊಪ್ಪದ ಒಂದು ಸಭಾಂಗಣದಲ್ಲಿ ವರದಿ ಒಪ್ಪಿಸುವ ಕಾರ್ಯಕ್ರಮ. ಗೋಡೆಯ ಮೇಲೆ ಮೂರು ತಾಲ್ಲೂಕಿನ ನಕ್ಷೆ ಬೆಳಗಿತು. ಸಬ್ಸಿಡಿ ಗ್ಯಾಸ್ ಒಲೆಯನ್ನು ಬದಲಿಸಿಲ್ಲ, ಬದಿಗೆ ಬಂದು ನಿಂತಿದೆ ಅಷ್ಟೆ ಎಂದು ಸುದರ್ಶನ ನೇರವಾಗಿಯೇ ಹೇಳಿದ. ಸಿಲಿಂಡರ್ ಮನೆಬಾಗಿಲಿಗೆ ತಲುಪಬೇಕು ಎಂದೂ ಹೇಳಿದ. ಕಮಲಕ್ಕನಿಗೆ ಕಣ್ಣು ತುಂಬಿ ಬಂತು. ಆಮೇಲೆ ಬೇರೊಬ್ಬ ಅಧಿಕಾರಿ ಎದ್ದು ಇನ್ನೊಂದು ನಕ್ಷೆ ತೋರಿಸಿದರು. ಅದರ ಮೇಲೆ 'ಹೆಚ್ಚುವರಿ ಜೈವಿಕ ಇಂಧನ' ಎಂದಿತ್ತು. ಈ ಮೂರು ತಾಲ್ಲೂಕಿನಲ್ಲಿ ವರ್ಷಕ್ಕೆ ಇಷ್ಟು ಸಾವಿರ ಟನ್ ಸಿಪ್ಪೆ, ಗೆಲ್ಲು, ತರಗು ಉಪಯೋಗವಿಲ್ಲದೆ ಹೋಗುತ್ತಿದೆ ಎಂದರು. ಅಂಕಿಗಳೆಲ್ಲ ಕಮಲಕ್ಕನವೇ. ಕೊಳೆಯುವುದೂ ಜನ ಒಯ್ಯುವುದೂ ಅಲ್ಲಿ ಒಂದೇ ಬಣ್ಣದಲ್ಲಿ ಕೂಡಿಕೊಂಡಿದ್ದವು. ಯಾರೂ ಹಣ ಕೊಟ್ಟು ಕೊಳ್ಳದ ವಸ್ತು ಹೆಚ್ಚುವರಿಯಂತೆ. ಅವಳಿಗೆ ಅದು ಆ ಹೊತ್ತಿಗೆ ಹೊಳೆಯಲಿಲ್ಲ. ಅವಳ ಹೆಸರು ಕೂಗಿ ಶಾಲು ಹೊದಿಸಿದರು, ಚಪ್ಪಾಳೆ ಬಿತ್ತು. ಧರ್ಮಪ್ಪ ಆ ಫೋಟೋ ತನ್ನ ಫೋನಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಎಲ್ಲರಿಗೂ ತೋರಿಸಿದ.

ಸಿಲಿಂಡರ್ ಲೈನಿಗೆ ಬರಲೇ ಇಲ್ಲ. ಎರಡನೆಯ ನಕ್ಷೆ ಮಾತ್ರ ಬೇಗ ಕೆಲಸ ಮಾಡಿತು. ಒಂದು ವರ್ಷದೊಳಗೆ ನರಸಿಂಹರಾಜಪುರದ ರಸ್ತೆಯಲ್ಲಿ ಒಂದು ಕಾರ್ಖಾನೆ ಎದ್ದಿತು. ಸಿಪ್ಪೆ, ಗೆಲ್ಲುಗಳನ್ನು ಪುಡಿ ಮಾಡಿ ಒತ್ತಿ ಗಟ್ಟಿ ಉಂಡೆ ಮಾಡುವ ಕಾರ್ಖಾನೆ. ಬಯಲು ಸೀಮೆಯ ದೊಡ್ಡ ಬಾಯ್ಲರುಗಳಿಗೆ ಕಲ್ಲಿದ್ದಲಿನ ಬದಲು ಅದನ್ನು ಉರಿಸುತ್ತಾರಂತೆ. ಪರಿಸರಕ್ಕೆ ಒಳ್ಳೆಯದು ಎಂದು ಯಂತ್ರಕ್ಕೆ ಸಬ್ಸಿಡಿ, ಶೆಡ್ಡಿಗೆ ಸಬ್ಸಿಡಿ, ಸಾಗಾಣಿಕೆಗೆ ಸಬ್ಸಿಡಿ. ಜನ ಅದನ್ನು ಉಂಡೆ ಫ್ಯಾಕ್ಟರಿ ಎಂದು ಕರೆದರು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಟಾರ್ಪಾಲು ಬಿಗಿದ ಲಾರಿಗಳು ಸಿಪ್ಪೆ ಉದುರಿಸುತ್ತ ಹೋಗುವುದನ್ನು ಕಮಲಕ್ಕ ನೋಡಿದಳು. ಆಗಲೂ ರಸ್ತೆ ಬದಿಯ ಗಲೀಜು ಕಡಿಮೆಯಾಯಿತಲ್ಲ ಎಂದುಕೊಂಡಳು.

ಕಳೆದ ವರ್ಷ ಜುಲೈನಲ್ಲಿ ಸುದರ್ಶನ ಮತ್ತೆ ಫೋನು ಮಾಡಿದ. ಅದೇ ಅರವತ್ತು ಮನೆಗಳನ್ನು ಎರಡನೆಯ ಬಾರಿ ಅಳೆಯಬೇಕು, ಈ ಸಲ ಮೂರೇ ಸುತ್ತು, ಸಬ್ಸಿಡಿಗಳ ಪರಿಣಾಮ ಈಗ ಎಷ್ಟಾಗಿದೆ ಎಂದು ತಿಳಿಯಬೇಕು ಎಂದ. ಕಮಲಕ್ಕ ಹಳೆಯ ಹಾಳೆಗಳ ನಕಲನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು.

ಬಸರೀಕಟ್ಟೆಯ ಲೈನಿನಲ್ಲಿ ಹೊಗೆ ಕಾಣಲಿಲ್ಲ. ಒಂದು ಕ್ಷಣ ಅವಳಿಗೆ ಸಂತೋಷವೇ ಆಯಿತು. ವೀರಮ್ಮನ ಮನೆಯೊಳಗೆ ಕಾಲಿಟ್ಟಾಗ ಸೊಸೆ ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದಳು. ಮಡಿಲಲ್ಲಿ ಹದಿನೇಳು ದಿನದ ಹೆಣ್ಣು ಮಗು. ಹೊರಗೆ ನಾಲ್ಕು ದಿನದಿಂದ ಬಿಡದ ಮಳೆ. ಲೈನಿನ ಹಿಂದೆ ತಗಡಿನ ಕೆಳಗೆ ಸಿಪ್ಪೆ ಇರಬೇಕಾದ ಜಾಗ ಬರಿದಾಗಿತ್ತು.

ವೀರಮ್ಮ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಕಮಲಕ್ಕ ಇದ್ದ ಸೌದೆಯನ್ನು ಗೋಣಿಗೆ ಹಾಕಿ ತೂಗಿದಳು. ಮರುದಿನ ಬಂದು ಉಳಿದದ್ದನ್ನು ತೂಗಿದಳು. ಉರಿದದ್ದು ನಾಲ್ಕು ಕೇಜಿ ಮುನ್ನೂರು ಗ್ರಾಂ. ಹಳೆಯ ಹಾಳೆ ತೆಗೆದು ನೋಡಿದಳು. ಮೊದಲು ಇದೇ ಮಳೆಗಾಲದಲ್ಲಿ, ಇದೇ ಮನೆಯಲ್ಲಿ ಹನ್ನೊಂದು ಕೇಜಿ. ಸಿಲಿಂಡರ್ ತೂಗಿದಳು. ನಿನ್ನೆ ಎಷ್ಟೋ ಇವತ್ತೂ ಅಷ್ಟೆ, ಬರಿಯ ಕಬ್ಬಿಣದ ತೂಕ.

"ಗ್ಯಾಸೂ ಉರೀಲಿಲ್ಲ, ಸೌದೇನೂ ಅರ್ಧದಷ್ಟು ಉರೀಲಿಲ್ಲ. ಮತ್ತೆ ಅಡುಗೆ?" ಎಂದು ಕೇಳಿದಳು.

"ಬೆಳಗ್ಗೆ ಒಂದು ಸಲ ಬೇಯ್ಸದು. ಸಂಜೆಗೂ ಅದೇ ತಣ್ಣನ್ನ" ಎಂದಳು ವೀರಮ್ಮ. "ಸಿಪ್ಪೆ ತರಕ್ಕೆ ಹೋದ್ರೆ ಗಣಪಯ್ಯನೋರ ಅಂಗಳಕ್ಕೆ ಬಲೆ ಹಾಕಿದಾರೆ. ಎಸ್ಟೇಟಿನ ಗೆಲ್ಲೂ ಲಾರಿಗೆ ಹೋಗ್ತದೆ, ಲೆಕ್ಕ ಬರೆಯೋ ರೈಟರ್ ಕಣ್ಣಿಟ್ಟು ಕಾಯ್ತಾನೆ. ಕಾಡಿಗೆ ಹೋದ್ರೆ ಫಾರೆಸ್ಟಿನೋರು ಹಿಡೀತಾರೆ."

"ಬಾಣಂತಿಗೆ ನೀರು?"

ವೀರಮ್ಮ ಒಳಗೆ ಹೋಗಿ ತೋಳು ತುಂಬ ಮರದ ತುಂಡು ತಂದು ಕಮಲಕ್ಕನ ಮುಂದೆ ಹಾಕಿದಳು. ಒಡೆದ ಮಣೆಯ ಚೂರು, ಬಾಗಿಲಿನ ಅಡ್ಡಪಟ್ಟಿ, ಗೂಡಿನ ಹಲಗೆ. "ಸೊಸೆಗೆ ನಲವತ್ತು ದಿನ ಬಿಸಿನೀರು ಹಾಕ್ಬೇಕು. ಹದಿನೆಂಟು ದಿನಕ್ಕೆ ಇಷ್ಟು ಮುಗ್ದಿದೆ, ಇನ್ನು ಮಂಚ ಇದೆ. ಇದನ್ನೂ ತೂಗು ತಂಗಿ. ಯಾವ ಕಾಲಮ್ಮಿಗೆ ಹಾಕ್ತಿಯ ಹಾಕು."

ಕಮಲಕ್ಕ ತಕ್ಕಡಿಯನ್ನು ಗೋಣಿಯ ಮೇಲೆ ಇಟ್ಟಳು.

"ಅವತ್ತು ನಾವು ಗ್ಯಾಸು ಹಚ್ಚಿ ತೋರ್ಸಿದ್ವಿ. ಅದನ್ನೇ ಬರ್ಕಂಡು ಹೋಗಿದ್ರೆ ಆಗ್ತಿತ್ತು. ನೀನೇ ಕೂತು ಬಿಡಿಸಿ ಬಿಡಿಸಿ ಕೇಳ್ದೆ, ಸಿಪ್ಪೆ ಎಲ್ಲಿಂದ, ಎಷ್ಟು ಹೊರೆ, ಯಾರು ಕೊಡ್ತಾರೆ ಅಂತ. ನಾನು ನಮ್ಮೋಳು ಅಂತ ಎಲ್ಲ ಹೇಳ್ದೆ." ವೀರಮ್ಮನ ದನಿ ಏರಲಿಲ್ಲ. ಬೈದಿದ್ದರೆ ಕಮಲಕ್ಕನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಲ್ಲಿಂದ ನೇರವಾಗಿ ಅವಳು ಗಣಪಯ್ಯನವರ ಮನೆಗೆ ನಡೆದಳು. ಅವರು ಚಾವಡಿಯಲ್ಲಿ ಪೇಪರು ಓದುತ್ತಿದ್ದರು. ವಿಷಯ ಕೇಳಿ ಪೇಪರು ಮಡಿಸಿದರು.

"ವೀರಮ್ಮ ನನ್ನ ಕಣ್ಣ ಮುಂದೆ ಬಾಳಿದೋಳು. ನನಗೆ ಬೇಜಾರಿಲ್ಲ ಅಂದ್ಕಂಡ್ಯಾ? ಫ್ಯಾಕ್ಟರಿಯ ಕಂತ್ರಾಟುದಾರ ಇಡೀ ಅಂಗಳ ವರ್ಷಕ್ಕೆ ಮಾತಾಡ್ಕಂಡಿದಾನೆ. ಒಂದು ಬುಟ್ಟಿ ಕಡಿಮೆಯಾದ್ರೂ ಕೇಳ್ತಾನೆ. ಬಲೆ ಹಾಕ್ಸಿದ್ದೂ ಅವನೇ. ಅಕ್ಕಪಕ್ಕದೋರೆಲ್ಲ ಕೊಡ್ತಿರೋವಾಗ ನಾನೊಬ್ಬ ಹೆಂಗೆ ಬಿಡ್ಲಿ ಮಾರಾಯ್ತಿ? ಅವನು ಮೊದಲ ದಿನ ಬಂದಾಗ ನಮ್ಮ ಅಂಗಳದ ಸಿಪ್ಪೆ ಎಷ್ಟು ಬೀಳ್ತದೆ ಅಂತ ನನಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಹೊರಡು ಅನ್ನಕ್ಕೆ ಬಾಯಿ ಬರ್ಲಿಲ್ಲ."

ಅವರು ಹಿತ್ತಲಿನಿಂದ ಎರಡು ಚೀಲ ತೆಂಗಿನ ಮಟ್ಟೆ ಕೊಡಿಸಿದರು. ಕಮಲಕ್ಕ ಒಂದೊಂದಾಗಿ ಹೊತ್ತು ಲೈನಿನಲ್ಲಿ ಇಳಿಸಿದಳು. ಬಾಣಂತಿಗೆ ಆ ದಿನ ನೀರು ಕಾಯಿತು.

ನೆಮ್ಮಾರಿನಲ್ಲಿಯೂ ಮುತ್ತಿನಕೊಪ್ಪದಲ್ಲಿಯೂ ಇದೇ ಕಥೆ. ಎಲ್ಲೋ ನಾಲ್ಕಾರು ಮನೆಯಲ್ಲಿ ಗ್ಯಾಸ್ ಹೆಚ್ಚು ಉರಿದಿತ್ತು, ನಿಜ. ಉಳಿದ ಕಡೆ ಒಲೆ ತಣ್ಣಗಾಗಿತ್ತು. ಕಮಲಕ್ಕ ಪ್ರತಿ ಹಾಳೆಯ ಕೊನೆಯಲ್ಲಿ ಷರಾ ಎಂದಿದ್ದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು: ಒಂದೇ ಹೊತ್ತು ಅಡುಗೆ, ಮುದುಕರಿಗೆ ತಣ್ಣೀರು ಸ್ನಾನ, ಮಕ್ಕಳು ಸಂಜೆ ಬರಿ ಅವಲಕ್ಕಿ, ಬಾಣಂತಿಯ ನೀರಿಗೆ ಮನೆಯ ಸಾಮಾನು ಒಡೆದು ಉರಿಸಿದ್ದಾರೆ. ಜಾಗ ಸಾಲದಾಗ ಹಾಳೆಯ ಹಿಂದೆ ಬರೆದಳು.

ಎಲ್ಲವನ್ನೂ ಕಟ್ಟಿಕೊಂಡು ಕೊಪ್ಪಕ್ಕೆ ಹೋದಳು. ಸುದರ್ಶನ ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಅಂಕಿಗಳನ್ನು ತುಂಬುತ್ತ ತುಂಬುತ್ತ ಅವನ ಮುಖ ಅರಳಿತು.

"ಕಮಲಕ್ಕ, ಸೌದೆ ಅರ್ಧಕ್ಕಿಂತ ಕೆಳಗೆ ಬಂದಿದೆ! ಇಷ್ಟು ಇಳಿಕೆ ನಾವು ಯಾರೂ ಊಹಿಸಿರಲಿಲ್ಲ."

"ಷರಾ ಓದಿದ್ರಾ ಸರ್?"

ಅವನು ಓದಿದ. ಒಂದಾದ ಮೇಲೆ ಒಂದರಂತೆ ಹತ್ತು ಹನ್ನೆರಡು ಹಾಳೆ ಓದಿ ಕೆಳಗಿಟ್ಟ. ಕೆಟ್ಟವನಲ್ಲ ಅವನು, ಕನ್ನಡಕ ತೆಗೆದು ಒರೆಸಿದ ರೀತಿ ನೋಡಿಯೇ ಕಮಲಕ್ಕನಿಗೆ ಅದು ತಿಳಿಯಿತು. "ಷರಾ ಕಂಪ್ಯೂಟರಿಗೆ ಹೋಗುವುದಿಲ್ಲ ಕಮಲಕ್ಕ. ಅಂಕಿ ಮಾತ್ರ ಹೋಗುತ್ತದೆ. ಅಧ್ಯಯನ ಶುರುವಾಗುವ ಮೊದಲೇ ಏನು ಅಳೆಯಬೇಕು ಅಂತ ತೀರ್ಮಾನ ಆಗಿರುತ್ತದೆ. ಉರಿದ ಸೌದೆ ಅಳೆಯಬೇಕು ಅಂತ ಇದೆ. ಬೇಯದ ಅನ್ನ ಅಳೆಯಬೇಕು ಅಂತ ಇಲ್ಲ."

"ಹಂಗಾರೆ ಇದು ಸುಳ್ಳಾಗ್ತದಲ್ಲ."

"ಯಾವ ಅಂಕಿ ಸುಳ್ಳು, ಹೇಳಿ. ನಾಲ್ಕು ಕೇಜಿ ಮುನ್ನೂರು ಗ್ರಾಂ ಸುಳ್ಳಾ?"

ಸುಳ್ಳಲ್ಲ. ಅವಳೇ ತೂಗಿದ್ದು. ಕಮಲಕ್ಕ ಹಾಳೆಗಳನ್ನು ವಾಪಸ್ಸು ಕೊಡಿ ಎಂದಳು. ಅವನು ಅಂಕಿಗಳನ್ನು ಆಗಲೇ ಬೆಂಗಳೂರಿಗೆ ಕಳಿಸಿಯಾಗಿದೆ ಎಂದ. ಉಳಿದಿದ್ದ ಎರಡು ಸುತ್ತಿನ ಕೆಲಸ ನನ್ನಿಂದ ಆಗದು ಎಂದಳು. ಅವನು ಒತ್ತಾಯಿಸಲಿಲ್ಲ. ಆ ಎರಡು ಸುತ್ತನ್ನು ಬೇರೆ ಇಬ್ಬರು ಕೊಪ್ಪದ ಹೋಟೆಲಿನಲ್ಲಿ ಕೂತು, ಇವಳ ಅಂಕಿ ನೋಡಿಕೊಂಡು ಸ್ವಲ್ಪ ಆಚೆ ಈಚೆ ಮಾಡಿ ಬರೆದರು ಎಂದು ಆಮೇಲೆ ಧರ್ಮಪ್ಪನಿಗೆ ಬಸ್ಸಿನಲ್ಲಿ ಗೊತ್ತಾಯಿತು. ವರದಿಯಲ್ಲಿ ಎಲ್ಲ ಸುತ್ತುಗಳೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿದ್ದವು. ಗ್ಯಾಸ್ ಸಬ್ಸಿಡಿ ಮತ್ತು ಜೈವಿಕ ಇಂಧನ ಸಬ್ಸಿಡಿ ಎರಡೂ ಸೇರಿ ಮಲೆನಾಡಿನ ಒಲೆಗಳನ್ನು ಹೊಗೆಯಿಂದ ಬಿಡಿಸುತ್ತಿವೆ ಎಂದು ಪತ್ರಿಕೆಯ ಒಳಪುಟದಲ್ಲಿ ಬಂತು.

ಕಮಲಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ತನ್ನ ನಕಲು ಹಾಳೆಗಳನ್ನು ಹರಡಿಕೊಂಡು ಕೂತಳು. ಅರವತ್ತು ಮನೆಯ ಷರಾಗಳನ್ನು ಒಂದೂ ಬಿಡದೆ ಬರೆದು, ಮೇಲೆ ಒಂದು ಅರ್ಜಿ ಬರೆದು, ಜಿಲ್ಲೆಯ ದೊಡ್ಡ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು. ಸಿಪ್ಪೆಯಲ್ಲಿ ಒಂದು ಪಾಲು ಲೈನಿನವರಿಗೆ ಬಿಡಬೇಕು, ಇಲ್ಲವೇ ಸಿಲಿಂಡರನ್ನು ಅವರ ಬಾಗಿಲಿಗೆ ತಲುಪಿಸಬೇಕು ಎಂದಷ್ಟೇ ಕೇಳಿದ್ದಳು. ಧರ್ಮಪ್ಪ ಅಂಚೆ ಕಚೇರಿಯ ತನಕ ಜೊತೆಗೆ ಬಂದ. ನಗಲಿಲ್ಲ.

ಎರಡು ತಿಂಗಳಿಗೆ ಉತ್ತರ ಬಂತು. 'ತಮ್ಮ ಅರ್ಜಿಯನ್ನು ಪರಿಶೀಲನೆಗಾಗಿ ಸದರಿ ಅಧ್ಯಯನ ನಡೆಸಿದ ಸಂಸ್ಥೆಗೆ ಕಳುಹಿಸಲಾಗಿದೆ.'

ಮಾರನೆಯ ವಾರ ಸುದರ್ಶನ ಫೋನು ಮಾಡಿದ. ದನಿಯಲ್ಲಿ ಸಂಕೋಚವಿತ್ತು. "ನಿಮ್ಮ ಅರ್ಜಿ ನನ್ನ ಮೇಜಿನ ಮೇಲಿದೆ ಕಮಲಕ್ಕ. ಸ್ಥಳಕ್ಕೆ ಹೋಗಿ ಪರಿಶೀಲಿಸಿ ಅಂದಿದ್ದಾರೆ. ಆ ಮನೆಗಳು ಗೊತ್ತಿರೋದು ನಿಮಗೊಬ್ಬರಿಗೇ. ಆದರೆ ನಿಮ್ಮನ್ನು ಕಳಿಸುವ ಹಾಗಿಲ್ಲ. ಅರ್ಜಿ ನಿಮ್ಮದೇ ಅಲ್ಲವಾ."

"ನೀವೇ ಹೋಗ್ಬನ್ನಿ ಸರ್. ಒಂದು ಸಲ ವೀರಮ್ಮನ ಮನೆ ಒಳಗೆ ಕೂತು ಬನ್ನಿ. ತೂಗೋದೇನೂ ಬೇಡ."

"ನನ್ನನ್ನು ಮುಂದಿನ ವಾರದಿಂದ ಬೇರೆ ಜಿಲ್ಲೆಗೆ ಹಾಕಿದ್ದಾರೆ" ಎಂದ ಅವನು. ಆಮೇಲೆ ಅವನೇ ಫೋನು ಇಟ್ಟ.

ಪರಿಶೀಲನೆ ನಡೆಯಿತು, ಫೋನಿನಲ್ಲಿ. ಬೆಂಗಳೂರಿನಿಂದ ಒಬ್ಬ ಹುಡುಗಿ ವೀರಮ್ಮನ ಮಗನ ಫೋನಿಗೆ ಕರೆ ಮಾಡಿ ವೀರಮ್ಮನಿಗೆ ಮೂರು ಪ್ರಶ್ನೆ ಕೇಳಿದಳಂತೆ. ಮನೆಯಲ್ಲಿ ಗ್ಯಾಸ್ ಇದೆಯಾ? ಇದೆ. ಮೊದಲಿಗಿಂತ ಸೌದೆ ಕಡಿಮೆ ಉರಿಸುತ್ತೀರಾ? ಹೌದು. ಹೊಗೆ ಕಡಿಮೆಯಾಗಿದೆಯಾ? ಆಗಿದೆ. ಅಲ್ಲಿಗೆ ಮುಗಿಯಿತು. ಅರ್ಜಿಯಲ್ಲಿ ಹುರುಳಿಲ್ಲ ಎಂದು ಕಮಲಕ್ಕನಿಗೆ ಕಾಗದ ಬಂತು.

ಅಷ್ಟು ಹೊತ್ತಿಗೆ ವೀರಮ್ಮನ ಮನೆಯ ಮಂಚ ಹೋಗಿತ್ತು. ಸೊಸೆಗೆ ನಲವತ್ತು ದಿನ ತುಂಬುವ ಮೊದಲೇ, ಮೂವತ್ತೊಂದಕ್ಕೇ ನೀರು ನಿಲ್ಲಿಸಿದ್ದರು. ಮಗುವಿಗೆ ಶೀತ ಹಿಡಿದು ಕೊಪ್ಪದ ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡು ಬಂದರು. ಕಮಲಕ್ಕ ಆಸ್ಪತ್ರೆಗೆ ಗಂಜಿ ಒಯ್ದಿದ್ದಳು. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ ವೀರಮ್ಮನೇ ಆ ಫೋನಿನ ವಿಷಯ ತೆಗೆದಳು.

"ಕೇಳಿದ್ದಕ್ಕೆ ಇದ್ದದ್ದು ಇದ್ದಂಗೆ ಹೇಳ್ದೆ ತಂಗಿ. ತಪ್ಪಾಯ್ತಾ?"

"ಇಲ್ಲ ವೀರಮ್ಮ. ತಪ್ಪೆಂತದೂ ಇಲ್ಲ" ಎಂದಳು ಕಮಲಕ್ಕ. ಗಂಜಿ ಆರುತ್ತಿತ್ತು. ಲೋಟಕ್ಕೆ ಬಗ್ಗಿಸಿ ಕೊಟ್ಟಳು.

ಈಗ ನರಸಿಂಹರಾಜಪುರದಿಂದ ಫೋನು ಬಂದರೆ ಧರ್ಮಪ್ಪ ಎತ್ತುತ್ತಾನೆ. ಮೊನ್ನೆ ಮಾಡಿನ ಮೇಲಿನ ಸೋಲಾರ್ ಸಬ್ಸಿಡಿಯ ಬಗ್ಗೆ ಮನೆ ಮನೆ ಸಮೀಕ್ಷೆ ಇದೆ, ಕಮಲಕ್ಕನಷ್ಟು ನಿಖರ ಯಾರೂ ಬರೆಯುವುದಿಲ್ಲ, ಒಪ್ಪಿಸಿ ಎಂದು ಯಾರೋ ಕೇಳಿಕೊಂಡರು. ಅವಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅವನು ಕೂಗಿ ಕೇಳಿದ. ಅವಳು ತಿರುಗಿ ನೋಡದೆ ಕೈ ಆಡಿಸಿದಳು.

"ಅವ್ಳಿಗೆ ಆಗದಿಲ್ವಂತೆ" ಎಂದ ಧರ್ಮಪ್ಪ.

"ಹೌದಾ. ಪರ್ವಾಗಿಲ್ಲ ಬಿಡಿ, ಬೇರೆ ಯಾರ ಹತ್ರನಾದ್ರೂ ಬರೆಸ್ತೀವಿ" ಎಂದರು ಆ ಕಡೆಯವರು.